ನಗರದ ಆಕಾರ, ನುಡಿಯ ಆಕಾರ: ಪಸೊಲಿನಿಯ ಬದುಕಿನಲ್ಲಿ ಯೋಜಿತ ನಗರ

ಇಟಲಿಯ ಕವಿ, ಕಾದಂಬರಿಕಾರ ಹಾಗೂ ಚಲನಚಿತ್ರ ನಿರ್ದೇಶಕ ಪಿಯೆರ್ ಪಾವೊಲೊ ಪಸೊಲಿನಿಯನ್ನು (೧೯೨೨-೧೯೭೫) ಕುರಿತ ಬರಹಗಳು ಬಹುಮಟ್ಟಿಗೆ ಎರಡು ಕವಲುಗಳಲ್ಲಿ ಬೆಳೆದು ಬಂದಿವೆ. ಚಲನಚಿತ್ರದ ಅಧ್ಯಯನಕಾರರಿಗೆ ಆತ ಏಸುವಿನ ಕಥೆಯನ್ನು ಬಡವರ ಮುಖಗಳಲ್ಲಿ ಹೇಳಿದ, ಕೊನೆಗೆ 'ಸಾಲೊ'ದಂತಹ ಭೀಕರ ಚಿತ್ರವನ್ನು ಮಾಡಿ ಕೊಲೆಯಾಗಿ ಹೋದ ನಿರ್ದೇಶಕ. ಭಾಷೆಯ ಅಧ್ಯಯನಕಾರರಿಗೆ ಆತ ಫ್ರಿಯುಲಿಯನ್ ಎಂಬ ಸಣ್ಣ ನುಡಿಯಲ್ಲಿ ಕವಿತೆ ಬರೆದ, ಉಪಭಾಷೆಗಳ ಪರವಾಗಿ ಸಾಯುವವರೆಗೂ ವಾದಿಸಿದ ಕವಿ. ಈ ಎರಡು ಕವಲುಗಳು ಕೂಡುವ ಜಾಗವೊಂದಿದೆ. ಅದು ನಗರ, ಅದರಲ್ಲಿಯೂ ಎರಡನೆಯ ಮಹಾಯುದ್ಧದ ನಂತರ ಯುರೋಪಿನ ಸರ್ಕಾರಗಳು ನಕ್ಷೆ ಹಾಕಿ ಕಟ್ಟಿದ ಹೊಸ ನಗರ. ಈ ನಗರವನ್ನು ಪಸೊಲಿನಿ ನುಡಿಯನ್ನು ನೋಡುವ ಕಣ್ಣಿನಿಂದಲೇ ನೋಡಿದ ಎಂಬುದು ಪ್ರಸ್ತುತ ಲೇಖನದ ಗ್ರಹಿಕೆ. ಆ ನೋಟಕ್ಕೆ ಆತನ ಬದುಕು ಹೇಗೆ ಆತನನ್ನು ಸಿದ್ಧಗೊಳಿಸಿತು, ಆ ನೋಟದ ಬಲವೇನು, ಮಿತಿಯೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪಸೊಲಿನಿ ಹುಟ್ಟಿದ್ದು ೧೯೨೨ರ ಮಾರ್ಚ್ ೫ರಂದು, ಬೊಲೋನ್ಯಾ ನಗರದಲ್ಲಿ. ತಂದೆ ಕಾರ್ಲೊ ಅಲ್ಬೆರ್ತೊ ಸೇನಾಧಿಕಾರಿ. ಅವನ ವರ್ಗಾವಣೆಗಳ ಬೆನ್ನಿಗೆ ಕುಟುಂಬವೂ ಊರಿಂದೂರಿಗೆ ಹೋಗಬೇಕಾಯಿತು. ತಾಯಿ ಸುಸಾನಾ ಕೊಲುಸ್ಸಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ, ಈಶಾನ್ಯ ಇಟಲಿಯ ಫ್ರಿಯುಲಿ ಸೀಮೆಯ ಕಸಾರ್ಸಾ ಎಂಬ ಊರಿನವಳು. ಬೇಸಿಗೆಯ ರಜೆಗಳಲ್ಲಿ ತಾಯಿಯ ಊರಿಗೆ ಹೋಗುತ್ತಿದ್ದ ಹುಡುಗನ ಕಿವಿಗೆ ಅಲ್ಲಿನ ರೈತರ ಮಾತು ಬಿತ್ತು. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಫ್ರಿಯುಲಿಯನ್ ಆತನ ಮನೆಮಾತಾಗಿರಲಿಲ್ಲ. ತಾಯಿಯ ಮನೆತನ ಊರಿನಲ್ಲಿ ತುಸು ಮೇಲಿನ ಸ್ತರದ್ದು. ಆ ಸ್ತರದವರು ಆಡುತ್ತಿದ್ದುದು ವೆನಿಸ್ ಕಡೆಯ ನುಡಿಯನ್ನು. ಫ್ರಿಯುಲಿಯನ್ ಹೊಲದಲ್ಲಿ ದುಡಿಯುವವರ ಮಾತು. ಆದ್ದರಿಂದ ಪಸೊಲಿನಿಯ ಮೊದಲ ಕವಿತೆಗಳನ್ನು ತಾಯ್ನುಡಿಯ ಹಂಬಲವೆಂದು ಓದಿಬಿಡುವುದು ಸರಿಯಾಗಲಾರದು. ಅದು ಕಿವಿಯಿಂದ ಕಲಿತು, ಬೇಕೆಂದೇ ಆರಿಸಿಕೊಂಡ ನುಡಿ. ಹೊರಗಿನಿಂದ ಬಂದವನಿಗಷ್ಟೇ ಕಾಣುವ ಆಕಾರವೊಂದನ್ನು ಆತ ಆ ನುಡಿಯಲ್ಲಿ ಕಂಡಿದ್ದ. ಮುಂದೆ ರೋಮ್‌ನ ಹೊರವಲಯದಲ್ಲಿಯೂ, ಯೆಮೆನ್‌ನಲ್ಲಿಯೂ ಆತ ನಿಂತದ್ದು ಇದೇ ಹೊರಗಿನವನ ಜಾಗದಲ್ಲಿ.

ಬೊಲೋನ್ಯಾ ವಿಶ್ವವಿದ್ಯಾಲಯದಲ್ಲಿ ಆತನಿಗೆ ಕಲೆಯ ಇತಿಹಾಸವನ್ನು ಕಲಿಸಿದವರು ರೊಬೆರ್ತೊ ಲೊಂಗಿ. ಮಸೊಲಿನೊ ಮತ್ತು ಮಸಾಚ್ಚೊ ಎಂಬ ಹದಿನೈದನೆಯ ಶತಮಾನದ ಚಿತ್ರಕಾರರ ಕೃತಿಗಳನ್ನು ಪರದೆಯ ಮೇಲೆ ಒಂದರ ಪಕ್ಕ ಒಂದಿರಿಸಿ, ಎರಡು ಲೋಕಗಳ ವ್ಯತ್ಯಾಸವನ್ನು ಬರಿಯ ಆಕಾರದ ಮೂಲಕ ತೋರಿಸುವ ಕ್ರಮ ಅವರದು. ಪಸೊಲಿನಿಗೆ ಸಿನಿಮಾದ ಮೊದಲ ಪಾಠವಾದದ್ದು ಈ ತರಗತಿಯೇ ಎಂದರೆ ತಪ್ಪಾಗದು. ೧೯೪೨ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, 'ಕಸಾರ್ಸಾದ ಕವಿತೆಗಳು' ಎಂಬ ಫ್ರಿಯುಲಿಯನ್ ಸಂಕಲನವನ್ನು ಆತ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. ರಾಷ್ಟ್ರಕ್ಕೆ ಒಂದೇ ನುಡಿ ಸಾಕೆಂದು ಫ್ಯಾಸಿಸ್ಟ್ ಆಡಳಿತ ಉಪಭಾಷೆಗಳನ್ನು ಅನುಮಾನದಿಂದ ನೋಡುತ್ತಿದ್ದ ಕಾಲವದು. ಗ್ರಂಥಸಂಪಾದನ ಶಾಸ್ತ್ರದ ವಿದ್ವಾಂಸ ಜಾನ್‌ಫ್ರಾಂಕೊ ಕೊಂತಿನಿ ಈ ಪುಟ್ಟ ಪುಸ್ತಕದ ಮಹತ್ವವನ್ನು ಗುರುತಿಸಿ ಬರೆದ ವಿಮರ್ಶೆ ೧೯೪೩ರಲ್ಲಿ ಪ್ರಕಟವಾದದ್ದು ಸ್ವಿಟ್ಜರ್‌ಲೆಂಡಿನ ಪತ್ರಿಕೆಯೊಂದರಲ್ಲಿ.

ಯುದ್ಧದ ಕೊನೆಯ ವರ್ಷಗಳನ್ನು ಪಸೊಲಿನಿ ತಾಯಿಯೊಡನೆ ಫ್ರಿಯುಲಿಯಲ್ಲಿ ಕಳೆದ. ಹಳ್ಳಿಯ ಮಕ್ಕಳಿಗೆ ಪಾಠ ಹೇಳಿದ. ೧೯೪೫ರ ಫೆಬ್ರವರಿಯಲ್ಲಿ ಫ್ರಿಯುಲಿಯನ್ ನುಡಿಗಾಗಿ ಪುಟ್ಟದೊಂದು ಅಕಾಡೆಮಿಯನ್ನು ಗೆಳೆಯರೊಡನೆ ಸ್ಥಾಪಿಸಿದ. ಅದೇ ತಿಂಗಳು, ಫ್ಯಾಸಿಸ್ಟರ ವಿರುದ್ಧ ಹೋರಾಡುತ್ತಿದ್ದ ತಮ್ಮ ಗ್ವಿದೊ ಇನ್ನೊಂದು ಬಣದ ಕಮ್ಯುನಿಸ್ಟ್ ಹೋರಾಟಗಾರರಿಂದಲೇ ಹತನಾದ. ಇದಾದ ಕೆಲವೇ ವರ್ಷಗಳಲ್ಲಿ ಪಸೊಲಿನಿ ಕಮ್ಯುನಿಸ್ಟ್ ಪಕ್ಷವನ್ನು ಸೇರಿದ್ದು ಆತನ ಬದುಕಿನ ಅನೇಕ ವೈರುಧ್ಯಗಳಲ್ಲಿ ಮೊದಲನೆಯದು. ೧೯೪೯ರಲ್ಲಿ ಹುಡುಗರೊಡನೆಯ ಲೈಂಗಿಕ ವರ್ತನೆಯ ಆರೋಪ ಬಂದಾಗ ಪಕ್ಷ ಆತನನ್ನು ಉಚ್ಚಾಟಿಸಿತು; ಮೇಷ್ಟ್ರ ಕೆಲಸವೂ ಹೋಯಿತು. ನ್ಯಾಯಾಲಯ ಮುಂದೆ ಆತನನ್ನು ಖುಲಾಸೆಗೊಳಿಸಿತಾದರೂ ಅಷ್ಟರಲ್ಲಿ ಊರು ಬಿಟ್ಟಾಗಿತ್ತು. ೧೯೫೦ರ ಜನವರಿಯಲ್ಲಿ ತಾಯಿಯನ್ನು ಕರೆದುಕೊಂಡು ಆತ ರೋಮ್ ತಲುಪಿದ.

ರೋಮ್‌ನಲ್ಲಿ ಆತ ಕಂಡದ್ದು ಪ್ರವಾಸಿಗರ ರೋಮ್ ಅಲ್ಲ. ೧೯೫೧ರಿಂದ ಮೂರು ವರ್ಷ ಕಾಲ ತಾಯಿ ಮಗ ಇದ್ದದ್ದು ನಗರದ ಪೂರ್ವದ ಅಂಚಿನಲ್ಲಿ, ರೆಬಿಬ್ಬಿಯಾ ಸೆರೆಮನೆಯ ಸಮೀಪದ ಅರೆಬರೆ ಕಟ್ಟಿದ ಮನೆಯೊಂದರಲ್ಲಿ. ಅಲ್ಲಿಂದ ದಿನವೂ ಬಸ್ಸುಗಳನ್ನು ಬದಲಿಸುತ್ತ ಚಾಂಪಿನೊದ ಶಾಲೆಯೊಂದಕ್ಕೆ ಪಾಠ ಹೇಳಲು ಹೋಗುತ್ತಿದ್ದ. ಈ ಅಂಚಿನ ಪ್ರದೇಶಗಳಿಗೆ ಇಟಾಲಿಯನ್ನಿನಲ್ಲಿ ಬೊರ್ಗಾತಾ ಎಂಬ ಹೆಸರಿದೆ. ಈ ಪದವನ್ನು ಕನ್ನಡಕ್ಕೆ ತರುವುದು ಕಷ್ಟ. ಕೊಳೆಗೇರಿ ಎಂದರೆ ಅರ್ಥ ತಪ್ಪುತ್ತದೆ. ಕೊಳೆಗೇರಿ ತಾನಾಗಿ ಬೆಳೆಯುವಂಥದು. ಬಡಾವಣೆ ಎಂದರೂ ತಪ್ಪುತ್ತದೆ. ಆ ಮಾತಿನಲ್ಲಿ ನಿವೇಶನ ಕೊಂಡವನ ನೆಮ್ಮದಿಯಿದೆ. ಬೊರ್ಗಾತಾ ಸರ್ಕಾರವೇ ಹುಟ್ಟಿಸಿದ ಬಡತನದ ಊರು. ಮುಸೊಲಿನಿಯ ಆಡಳಿತ ಪ್ರಾಚೀನ ರೋಮ್‌ನ ಅವಶೇಷಗಳನ್ನು ಎತ್ತಿ ತೋರಿಸಲೆಂದು, ಅಗಲವಾದ ರಾಜಬೀದಿಗಳನ್ನು ಹಾಯಿಸಲೆಂದು ನಗರದ ನಡುವಿನ ಕೇರಿಗಳನ್ನು ಕೆಡವಿದಾಗ, ಅಲ್ಲಿದ್ದವರನ್ನು ಹೊಲಗದ್ದೆಗಳ ನಡುವೆ ಕಟ್ಟಿದ ಸಾಲುಮನೆಗಳಿಗೆ ಸಾಗಿಸಲಾಯಿತು. ಪ್ರಿಮವಾಲ್ಲೆ, ಗೊರ್ದಿಯಾನಿ, ಪಿಯೆತ್ರಲಾತಾ, ಕ್ವಾರ್ತಿಚೊಲೊ ಮುಂತಾದವು ಹುಟ್ಟಿದ್ದು ಹೀಗೆ. ಯುದ್ಧದ ನಂತರ ದಕ್ಷಿಣದ ಹಳ್ಳಿಗಳಿಂದ ಕೂಲಿ ಹುಡುಕಿ ಬಂದವರು ಇವುಗಳ ಸುತ್ತ ತಗಡಿನ ಗುಡಿಸಲುಗಳನ್ನು ಹಾಕಿಕೊಂಡರು. ಕೆಲಸವಿಲ್ಲದವನು ದೊಡ್ಡ ನಗರದಲ್ಲಿ ನಿವಾಸಿಯಾಗಿ ನೋಂದಾಯಿಸಿಕೊಳ್ಳುವಂತಿಲ್ಲ ಎಂಬ ೧೯೩೯ರ ಕಾನೂನು ೧೯೬೧ರವರೆಗೂ ಜಾರಿಯಲ್ಲಿತ್ತು. ನಿವಾಸಿಯಾಗದೆ ಕೆಲಸ ಸಿಗುವುದೂ ಕಷ್ಟವಿತ್ತು. ಹೀಗಾಗಿ ಲಕ್ಷಾಂತರ ಜನ ರೋಮ್‌ನಲ್ಲಿದ್ದೂ ರೋಮ್‌ನ ಲೆಕ್ಕದಲ್ಲಿರಲಿಲ್ಲ.

ಪಸೊಲಿನಿ ಈ ಜಗತ್ತನ್ನು ಪ್ರವೇಶಿಸಿದ್ದು ನುಡಿಯ ಮೂಲಕ. ಹೊರವಲಯದ ಹುಡುಗರ ಆಡುಮಾತನ್ನು ಆತ ಕ್ಷೇತ್ರಕಾರ್ಯ ಮಾಡುವ ಜಾನಪದ ಸಂಶೋಧಕನಂತೆ ಗುರುತು ಹಾಕಿಕೊಂಡ. ಬಣ್ಣ ಬಳಿಯುವ ಕೆಲಸದ ಸೆರ್ಜೊ ಚಿತ್ತಿ ಎಂಬ ಗೆಳೆಯ ಆತನಿಗೆ ನಡೆದಾಡುವ ನಿಘಂಟಾಗಿ ಒದಗಿದ. ೧೯೫೨ರಲ್ಲಿ ಇಟಲಿಯ ಉಪಭಾಷಾ ಕಾವ್ಯದ ಸಂಕಲನ, ೧೯೫೫ರಲ್ಲಿ ಜನಪದ ಗೀತೆಗಳ ಸಂಕಲನ ಆತನ ಸಂಪಾದಕತ್ವದಲ್ಲಿ ಹೊರಬಂದವು. ಅದೇ ೧೯೫೫ರಲ್ಲಿ ಪ್ರಕಟವಾದ 'ರಗಾತ್ಸಿ ದಿ ವಿತಾ' ಕಾದಂಬರಿಯ ಕೊನೆಗೆ ರೋಮನ್ ಆಡುಮಾತಿನ ಪದಕೋಶವೊಂದನ್ನು ಸೇರಿಸಬೇಕಾಯಿತು. ರಾಜಧಾನಿಯ ಮಾತು ರಾಜಧಾನಿಯ ಓದುಗರಿಗೇ ತಿಳಿಯುತ್ತಿರಲಿಲ್ಲ. ಅಶ್ಲೀಲತೆಯ ಮೊಕದ್ದಮೆ ನಡೆದು ಕೃತಿ ಖುಲಾಸೆಯಾಯಿತು. ೧೯೫೭ರಲ್ಲಿ ವಿಯಾರೆಜ್ಜೊ ಪ್ರಶಸ್ತಿ ಪಡೆದ 'ಗ್ರಾಂಶಿಯ ಚಿತಾಭಸ್ಮ' ಸಂಕಲನದಲ್ಲಿ ನೆಲ ಅಗೆಯುವ ಯಂತ್ರದ ಅಳುವನ್ನು ಕುರಿತ ದೀರ್ಘ ಕವಿತೆಯೊಂದಿದೆ. ಹಳೆಯ ಬಯಲನ್ನು ಕಟ್ಟಡದ ನಿವೇಶನವಾಗಿ ಬದಲಿಸುತ್ತಿರುವ ಯಂತ್ರ ಅದು. ಬದಲಾವಣೆ ಒಳಿತಿನ ಕಡೆಗೇ ಆದರೂ ಅದರಲ್ಲೊಂದು ನೋವಿದೆ ಎಂಬ ಆ ಕವಿತೆಯ ನಿಲುವನ್ನು ಆತನ ಮುಂದಿನ ಚಿತ್ರಗಳ ಬೀಜವೆಂದು ತಿಳಿಯಬಹುದು. ಗಮನಿಸಬೇಕಾದುದೆಂದರೆ, ಕವಿ ಇಲ್ಲಿ ಯಂತ್ರವನ್ನು ಶಪಿಸುವುದಿಲ್ಲ. ಅಳುವುದು ಯಂತ್ರವೇ.

ಈ ಕಾಲಕ್ಕೆ ಇಟಲಿಯ ನಗರಗಳ ಅಂಚುಗಳು ವೇಗವಾಗಿ ಬದಲಾಗುತ್ತಿದ್ದವು. ಕಾರ್ಮಿಕ ಸಚಿವ ಫನ್‌ಫಾನಿ ತಂದ ೧೯೪೯ರ ಕಾನೂನಿನಂತೆ ಇನಾ-ಕಾಸಾ ಎಂಬ ವಸತಿ ಯೋಜನೆ ಆರಂಭವಾಗಿತ್ತು. ನೌಕರರ ಸಂಬಳದಿಂದ, ಮಾಲೀಕರಿಂದ, ಸರ್ಕಾರದಿಂದ ವಂತಿಗೆ ಸೇರಿಸಿ, ನಿರುದ್ಯೋಗಿಗಳಿಗೆ ಕಟ್ಟಡದ ಕೆಲಸವನ್ನೂ ಮನೆಯಿಲ್ಲದವರಿಗೆ ಮನೆಯನ್ನೂ ಒಟ್ಟಿಗೆ ಕೊಡುವ ಯೋಜನೆಯಿದು. ೧೯೬೩ರವರೆಗಿನ ಹದಿನಾಲ್ಕು ವರ್ಷಗಳಲ್ಲಿ ಇದರಡಿ ಸುಮಾರು ೩,೫೫,೦೦೦ ಮನೆಗಳು ಎದ್ದವು. ನುಡಿಯ ವಿದ್ಯಾರ್ಥಿಗಳಿಗೆ ಕುತೂಹಲ ಹುಟ್ಟಿಸುವ ಅಂಶವೊಂದು ಇಲ್ಲಿದೆ. ಈ ಯೋಜನೆಯ ವಾಸ್ತುಶಿಲ್ಪಿಗಳಲ್ಲಿ ಕೆಲವರು ತಾವು ಕಟ್ಟುವ ಮನೆಗಳು ಜನರ ಆಡುನುಡಿಯಲ್ಲಿ ಮಾತನಾಡಬೇಕೆಂದು ಹಂಬಲಿಸಿದರು. ಲುದೊವಿಕೊ ಕ್ವರೋನಿ ಮತ್ತು ಮಾರಿಯೊ ರಿದೊಲ್ಫಿ ತಂಡ ರೋಮ್‌ನ ತಿಬುರ್ತಿನೊದಲ್ಲಿ ಬೀದಿಗಳನ್ನು ಬೇಕೆಂದೇ ಸೊಟ್ಟಗೆ ಹಾಯಿಸಿತು. ಹೊರಗಿನ ಮೆಟ್ಟಿಲು, ಹೆಂಚಿನ ಮಾಡು, ಕಮ್ಮಾರನು ಬಡಿದ ಕಬ್ಬಿಣದ ಕಟಕಟೆ ಇವುಗಳಿಂದ ಹಳ್ಳಿಯ ನೆನಪನ್ನು ಕಟ್ಟಲು ನೋಡಿತು. ಇದು ನಿಜವಾದ ಹಳ್ಳಿಯಲ್ಲ, ಹಳ್ಳಿಯ ಅನುಕರಣೆ ಎಂಬುದನ್ನು ಕ್ವರೋನಿ ತಾನೇ ೧೯೫೭ರ ಹೊತ್ತಿಗೆ ಕಟುವಾಗಿ ವಿಮರ್ಶಿಸಿಕೊಂಡ. ಉಪಭಾಷೆಯನ್ನು ಮೇಲಿನಿಂದ ರಚಿಸಿಕೊಡಲು ಬರುವುದಿಲ್ಲ ಎಂಬ ಸಮಸ್ಯೆಯನ್ನು ಕವಿಗಳಿಗಿಂತ ಮೊದಲು ಗಾರೆ ಇಟ್ಟಿಗೆಗಳಲ್ಲಿ ಎದುರಿಸಿದವರು ಇವರು.

ಯುದ್ಧೋತ್ತರ ಯುರೋಪಿನ ಸಾಕ್ಷ್ಯಚಿತ್ರಗಳು ಈ ಹೊಸ ನಗರವನ್ನು ಮೊದಮೊದಲು ಹೇಗೆ ಕಂಡವು ಎಂಬುದನ್ನು ಇಲ್ಲಿ ಸಂಕ್ಷಿಪ್ತವಾಗಿಯಾದರೂ ನೆನೆಯಬೇಕು. ಬ್ರಿಟನ್ನಿನಲ್ಲಿ ೧೯೪೬ರಲ್ಲಿಯೇ ಪಾಲ್ ರೋಥಾನ 'ಲ್ಯಾಂಡ್ ಆಫ್ ಪ್ರಾಮಿಸ್', ಲಂಡನ್ ಯೋಜನೆಯನ್ನು ವಿವರಿಸುವ 'ದಿ ಪ್ರೌಡ್ ಸಿಟಿ', ಪ್ಲಿಮತ್ ನಗರದ ಮರುನಿರ್ಮಾಣ ಕುರಿತ ಜಿಲ್ ಕ್ರೇಗಿಯ 'ದಿ ವೇ ವಿ ಲಿವ್' ಬಂದವು. ಇವುಗಳಲ್ಲಿ ನಗರ ಯೋಜಕ ನಕ್ಷೆಯ ಮುಂದೆ ನಿಂತು ಭರವಸೆ ನೀಡುವ ವ್ಯಕ್ತಿ. ಇಟಲಿಯ ಸರ್ಕಾರಿ ಕಿರುಚಿತ್ರಗಳಲ್ಲಿಯೂ ಕಥೆಯೊಂದೇ: ಕುಟುಂಬವೊಂದು ಗುಡಿಸಲಿನಿಂದ ಹೊರಟು ಹೊಸ ಮನೆಯ ಬಾಗಿಲು ತೆರೆಯುತ್ತದೆ, ಚಿತ್ರ ಅಲ್ಲಿಗೆ ಮುಗಿಯುತ್ತದೆ. ೧೯೫೪ರ ಮಿಲಾನ್ ತ್ರಿಯೆನ್ನಾಲೆಗಾಗಿ ಜಾನ್‌ಕಾರ್ಲೊ ದೆ ಕಾರ್ಲೊ ಮೊದಲಾದ ವಾಸ್ತುಶಿಲ್ಪಿಗಳು ಮುಂದೆ ನಿಂತು ಮಾಡಿಸಿದ ಕಿರುಚಿತ್ರಗಳಲ್ಲಿ ಮಾತ್ರ ಯೋಜಕನನ್ನೇ ಗೇಲಿ ಮಾಡುವ ಧ್ವನಿ ಕೇಳಿಸಿತು. ೧೯೬೦ರ ಹೊತ್ತಿಗೆ ಧ್ವನಿ ಪೂರ್ತಿ ಬದಲಾಗಿತ್ತು. ಪ್ಯಾರಿಸ್‌ನ ಹೊರವಲಯ ಕುರಿತ ಮೊರಿಸ್ ಪಿಯಾಲಾನ 'ಲಾಮೂರ್ ಎಗ್ಸಿಸ್ತ್' ಆ ವರ್ಷದ್ದು. ಜಾಕ್ ತಾತಿಯ 'ಪ್ಲೇಟೈಮ್' ೧೯೬೭ರದು. ಪಸೊಲಿನಿ ಈ ಸಾಲಿಗೆ ಸೇರಿದವನೇ. ಚೆಚಿಲಿಯಾ ಮಂಜಿನಿ ಬೊರ್ಗಾತಾದ ಹುಡುಗರ ಬಗ್ಗೆ ಮಾಡಿದ 'ಇನ್ಯೋತಿ ಅಲ್ಲಾ ಚಿತ್ತಾ' (೧೯೫೮) ಎಂಬ ಸಾಕ್ಷ್ಯಚಿತ್ರಕ್ಕೆ ನಿರೂಪಣೆ ಬರೆದವನು ಆತನೇ. ಅದೇ ವರ್ಷ ಕಮ್ಯುನಿಸ್ಟ್ ವಾರಪತ್ರಿಕೆಯೊಂದಕ್ಕೆ ಬರೆದ ಲೇಖನಮಾಲೆಯಲ್ಲಿ ಆತ ಬೊರ್ಗಾತಾಗಳನ್ನು ಸೆರೆಶಿಬಿರಗಳಿಗೆ ಹೋಲಿಸಿದ. ಹಳೆಯ ಬಡತನವನ್ನು ಆತ ಚಂದವೆಂದು ಹಾಡಿದ ಎನ್ನುವವರು ಈ ಲೇಖನಗಳನ್ನು ಓದಬೇಕು.

ಆತನ ಮೊದಲ ಚಿತ್ರ 'ಅಕ್ಕತೋನೆ' (೧೯೬೧) ಪಿಗ್ನೆತೊ, ಗೊರ್ದಿಯಾನಿ ಮುಂತಾದ ಹಳೆಯ ಅಂಚುಗಳಲ್ಲಿ ಚಿತ್ರಿತವಾಯಿತು. ಎರಡನೆಯ ಚಿತ್ರ 'ಮಮ್ಮಾ ರೋಮಾ' (೧೯೬೨) ಇನಾ-ಕಾಸಾ ಕಟ್ಟಡಗಳನ್ನು ಪ್ರವೇಶಿಸುತ್ತದೆ. ಇದರ ವಸ್ತು ೧೯೫೯ರ ಕಾದಂಬರಿ 'ಉನಾ ವಿತಾ ವಿಯೊಲೆಂತಾ'ದಲ್ಲಿಯೇ ಇದೆ. ಅಲ್ಲಿ ಸೆರೆಮನೆಯಿಂದ ಬಿಡುಗಡೆಯಾದ ನಾಯಕ ತನ್ನ ಕುಟುಂಬಕ್ಕೆ ಸರ್ಕಾರಿ ಮನೆ ಸಿಕ್ಕಿರುವುದನ್ನು ಕಾಣುತ್ತಾನೆ. ಚಿತ್ರದಲ್ಲಿ ಆನ್ನಾ ಮಂಯಾನಿ ಅಭಿನಯಿಸಿದ ವೇಶ್ಯೆ ಆ ಕಸುಬನ್ನು ಬಿಟ್ಟು, ಹಳ್ಳಿಗಾಡಿನಲ್ಲಿ ಬೆಳೆದ ಮಗ ಎತ್ತೊರೆಯನ್ನು ಕರೆತಂದು, ತುಸ್ಕೊಲಾನೊದ ಹೊಸ ಮನೆಯಲ್ಲಿ ಗೌರವದ ಬಾಳು ಕಟ್ಟಲು ಹೊರಡುತ್ತಾಳೆ. ಸಂತೆಯಲ್ಲಿ ತರಕಾರಿ ಹಣ್ಣುಗಳ ಅಂಗಡಿ ಇಡುತ್ತಾಳೆ. ಸರ್ಕಾರಿ ಸಾಕ್ಷ್ಯಚಿತ್ರ ಎಲ್ಲಿ ಮುಗಿಯುತ್ತಿತ್ತೋ ಈ ಚಿತ್ರ ಅಲ್ಲಿಂದ ಶುರುವಾಗುತ್ತದೆ ಎನ್ನಬಹುದು. ಮನೆ ಸಿಕ್ಕಿದೆ, ಮುಂದೇನು?

ಈ ಪ್ರಶ್ನೆಯನ್ನು ಚಿತ್ರ ಕೇಳುವುದು ಸಂಭಾಷಣೆಯಲ್ಲಿ ಅಲ್ಲ, ಒಂದು ದೃಶ್ಯದ ಮರುಕಳಿಕೆಯಲ್ಲಿ. ಕಿಟಕಿಯಾಚೆ ಒಂದೇ ಎತ್ತರದ ಬಿಳಿಯ ಕಟ್ಟಡಗಳ ಸಾಲು. ನಡುವೆ ಸಂತ ಜೊವಾನ್ನಿ ಬೊಸ್ಕೊ ಇಗರ್ಜಿಯ ಗುಮ್ಮಟ. ಇಗರ್ಜಿಯೂ ಆಗಷ್ಟೇ ಕಟ್ಟಿದ್ದು, ೧೯೫೯ರಲ್ಲಿ ಪ್ರತಿಷ್ಠೆಯಾದದ್ದು. ಈ ನೋಟ ಚಿತ್ರದುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಲೊಂಗಿಯವರ ತರಗತಿಯ ವಿದ್ಯಾರ್ಥಿ ಇಲ್ಲಿ ಎಚ್ಚರವಾಗಿದ್ದಾನೆ. ಚಿತ್ರವನ್ನು ಅರ್ಪಿಸಿರುವುದೂ ಲೊಂಗಿಯವರಿಗೇ. ಇನ್ನೊಂದು ಕಡೆ ಎತ್ತೊರೆ ಮನೆಯಲ್ಲಿ ನಿಲ್ಲದೆ, ಕಟ್ಟಡಗಳಿಗೂ ಪ್ರಾಚೀನ ಮೇಲ್ಗಾಲುವೆಯ ಪಾಳು ಕಮಾನುಗಳಿಗೂ ನಡುವೆ ಉಳಿದಿರುವ ಹುಲ್ಲುಬಯಲಿನಲ್ಲಿ ಅಲೆಯುತ್ತಾನೆ. ಯೋಜಕನ ನಕ್ಷೆಯಲ್ಲಿ ಆ ಬಯಲಿಗೆ ಹೆಸರಿಲ್ಲ. ಹುಡುಗ ಕೊನೆಗೆ ಆಸ್ಪತ್ರೆಯಲ್ಲಿ ರೋಗಿಯೊಬ್ಬನ ರೇಡಿಯೊ ಕದ್ದು ಸಿಕ್ಕಿಬಿದ್ದು, ಸೆರೆಮನೆಯಲ್ಲಿ ಮಂಚಕ್ಕೆ ಕಟ್ಟಿಹಾಕಿದ ಸ್ಥಿತಿಯಲ್ಲಿ ಸಾಯುತ್ತಾನೆ. ಸುದ್ದಿ ಕೇಳಿದ ತಾಯಿ ಕಿಟಕಿಯತ್ತ ಓಡುತ್ತಾಳೆ. ಎದುರಿಗೆ ಅದೇ ಗುಮ್ಮಟ, ಅದೇ ಸಾಲು. ಎತ್ತೊರೆ ಬೆಳೆದ ಗ್ವಿದೊನಿಯಾ ಎಂಬ ಊರೂ ಮುಸೊಲಿನಿಯ ಕಾಲದಲ್ಲಿ ಹೊಸದಾಗಿ ಕಟ್ಟಿದ ಯೋಜಿತ ಪಟ್ಟಣವೇ. ಹೀಗಾಗಿ ಹುಡುಗನ ಪಯಣ ಹಳ್ಳಿಯಿಂದ ನಗರಕ್ಕೆ ಆದದ್ದಲ್ಲ, ಒಂದು ನಕ್ಷೆಯಿಂದ ಇನ್ನೊಂದು ನಕ್ಷೆಗೆ ಆದದ್ದು. ವಿಮರ್ಶಕರು ಈ ವಿವರಕ್ಕೆ ಸಾಕಷ್ಟು ಗಮನ ಕೊಟ್ಟಂತಿಲ್ಲ.

೧೯೬೩ರಲ್ಲಿ ಪಸೊಲಿನಿ ತಾಯಿಯೊಡನೆ ಎಊರ್ ಎಂಬ ಪ್ರದೇಶದ ಮನೆಗೆ ಬಂದ. ಮುಸೊಲಿನಿ ೧೯೪೨ರ ಲೋಕ ಪ್ರದರ್ಶನಕ್ಕೆಂದು ಅಮೃತಶಿಲೆಯಲ್ಲಿ ಕಟ್ಟಿಸಲು ಹೊರಟು ಯುದ್ಧದಿಂದಾಗಿ ನಿಂತು, ಆಮೇಲೆ ಪೂರ್ತಿಯಾದ ಬಡಾವಣೆ ಅದು. ಬೊರ್ಗಾತಾದ ಕವಿ ಫ್ಯಾಸಿಸ್ಟ್ ನಕ್ಷೆಯ ಮಧ್ಯಮವರ್ಗದ ಬಡಾವಣೆಯಲ್ಲಿ ಸಾಯುವವರೆಗೆ ವಾಸವಾಗಿದ್ದನೆಂಬುದನ್ನು ಆತನ ಅಭಿಮಾನಿಗಳು ಸಾಮಾನ್ಯವಾಗಿ ತೇಲಿಸಿಬಿಡುತ್ತಾರೆ. ಅದೇ ವರ್ಷ ಏಸುವಿನ ಚಿತ್ರಕ್ಕೆ ಜಾಗ ಹುಡುಕಲು ಪಾದ್ರಿಯೊಬ್ಬರೊಡನೆ ಪ್ಯಾಲೆಸ್ಟೀನಿಗೆ ಹೋದ. ಈ ಹುಡುಕಾಟವೇ ಒಂದು ಸಾಕ್ಷ್ಯಚಿತ್ರವಾಯಿತು. ಬೈಬಲ್ಲಿನ ನೆಲದಲ್ಲಿ ಆತ ಕಂಡದ್ದು ಹೊಸ ಮನೆಗಳು, ಯಂತ್ರಗಳ ಬೇಸಾಯ. ಪುರಾತನವಾದುದು ಚೂರುಚೂರಾಗಿ ಮಾತ್ರ ಉಳಿದಿತ್ತು. ಆದ್ದರಿಂದ 'ಮತ್ತಾಯನ ಸುವಾರ್ತೆ' (೧೯೬೪) ಚಿತ್ರದ ಜೆರುಸಲೆಮ್ ದಕ್ಷಿಣ ಇಟಲಿಯ ಮತೇರಾ ಆಯಿತು. ಮತೇರಾದ ಸಸ್ಸಿ ಎಂಬ ಗುಹಾಮನೆಗಳಲ್ಲಿ ಜನ ಮತ್ತು ದನ ಒಂದೇ ಸೂರಿನಡಿ ಬದುಕುತ್ತಿದ್ದುದು ಕಾರ್ಲೊ ಲೇವಿಯ ೧೯೪೫ರ ಪುಸ್ತಕದಿಂದ ದೇಶಕ್ಕೆ ತಿಳಿದು, ೧೯೫೨ರ ವಿಶೇಷ ಕಾನೂನಿನಂತೆ ಅವರನ್ನು ತೆರವುಗೊಳಿಸಿ ಹೊಸ ಬಡಾವಣೆಗಳಿಗೆ ಸಾಗಿಸಲಾಗುತ್ತಿತ್ತು. ಆ ಹೊಸ ನೆಲೆಗಳಲ್ಲಿ ಲಾ ಮರ್ತೆಲ್ಲಾ ಎಂಬುದನ್ನು ರೂಪಿಸಿದವರಲ್ಲಿ ಪ್ರಮುಖನು ತಿಬುರ್ತಿನೊದ ಅದೇ ಕ್ವರೋನಿ. ಅಂದರೆ ಪಸೊಲಿನಿಯ ಜೆರುಸಲೆಮ್ ನಗರ ಯೋಜನೆಯೊಂದು ಖಾಲಿಮಾಡಿಸುತ್ತಿದ್ದ ಊರು. ಸಸ್ಸಿ ೧೯೯೩ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಬೇರೆಯ ಕಥೆ.

ನಡುವಣ ವರ್ಷಗಳ ಚಿತ್ರಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 'ಉಚ್ಚೆಲ್ಲಾಚ್ಚಿ ಎ ಉಚ್ಚೆಲ್ಲೀನಿ' (೧೯೬೬) ಚಿತ್ರದಲ್ಲಿ ತಂದೆ ಮಗ ಅರ್ಧಕ್ಕೆ ನಿಂತ ಹೆದ್ದಾರಿಗಳ ಅಡಿಯಲ್ಲಿ ನಡೆಯುತ್ತಾರೆ. ಅಲ್ಲಿನ ಬೀದಿಗಳಿಗೆ ರಾಷ್ಟ್ರವೀರರ ಬದಲು ಕೆಲಸವಿಲ್ಲದವರ, ಮನೆ ಬಿಟ್ಟು ಓಡಿಹೋದ ಹುಡುಗರ ಹೆಸರುಗಳಿವೆ. ೧೯೬೧ರಲ್ಲಿ ಮೊರಾವಿಯಾನೊಡನೆ ಭಾರತ ಸುತ್ತಿ ಪ್ರವಾಸಕಥನ ಬರೆದಿದ್ದ ಆತ, ೧೯೬೮ರಲ್ಲಿ ಪ್ರಸಾರವಾದ ಸಾಕ್ಷ್ಯಚಿತ್ರಕ್ಕಾಗಿ ಮತ್ತೆ ಇಲ್ಲಿಗೆ ಬಂದ. ಸಿದ್ಧ ಚಿತ್ರವನ್ನು ಮಾಡದೆ, ಮಾಡಬೇಕಾದ ಚಿತ್ರದ ಟಿಪ್ಪಣಿಗಳನ್ನೇ ಚಿತ್ರವಾಗಿಸುವ ಪ್ರಯೋಗ ಅದರಲ್ಲಿ ಸ್ಪಷ್ಟ ರೂಪ ಪಡೆಯಿತು.

ಈ ಟಿಪ್ಪಣಿಯ ರೂಪವೇ 'ಸನಾದ ಗೋಡೆಗಳು' ಎಂಬ ಹದಿಮೂರು ಹದಿನಾಲ್ಕು ನಿಮಿಷಗಳ ಚಿತ್ರಕ್ಕೂ ಒದಗಿತು. ೧೯೭೦ರ ಅಕ್ಟೋಬರ್‌ನಲ್ಲಿ 'ದೆಕಮೆರೋನ್' ಚಿತ್ರದ ಭಾಗವೊಂದಕ್ಕಾಗಿ ಯೆಮೆನ್‌ಗೆ ಹೋಗಿದ್ದಾಗ, ಕೊನೆಯ ಭಾನುವಾರ ಉಳಿದಿದ್ದ ಫಿಲ್ಮಿನಲ್ಲಿ ಇದನ್ನು ತೆಗೆಯಲಾಯಿತು. ಮಣ್ಣಿನ ಇಟ್ಟಿಗೆಯ ಎತ್ತರದ ಮನೆಗಳ ಸನಾ ನಗರ ತನ್ನ ಹಳೆಯ ಗೋಡೆಗಳನ್ನು ಕಳೆದುಕೊಳ್ಳುತ್ತಿತ್ತು. ಅದನ್ನು ಕಾಪಾಡಬೇಕೆಂದು ಯುನೆಸ್ಕೊಗೆ ಮಾಡಿದ ಮನವಿಯ ರೂಪದಲ್ಲಿ ಚಿತ್ರವಿದೆ. ಬಡದೇಶವೊಂದರ ಹೊಸ ಆಡಳಿತಕ್ಕೆ ರಸ್ತೆ, ಆಸ್ಪತ್ರೆಗಳು ಬೇಕಿದ್ದವೆಂಬುದನ್ನು ಪಸೊಲಿನಿ ಅರಿಯದವನಲ್ಲ. ಆದರೆ ಹಳೆಯದನ್ನು ಕೆಡವದೆ ಹೊಸದು ಬಾರದು ಎಂಬುದನ್ನು ಆತ ಒಪ್ಪಲಿಲ್ಲ. ಯುನೆಸ್ಕೊ ಸನಾಕ್ಕಾಗಿ ಅಂತರರಾಷ್ಟ್ರೀಯ ಅಭಿಯಾನ ಆರಂಭಿಸಿದ್ದು ೧೯೮೪ರಲ್ಲಿ. ಹಳೆಯ ನಗರ ವಿಶ್ವ ಪರಂಪರೆಯ ತಾಣವಾದದ್ದು ೧೯೮೬ರಲ್ಲಿ. ೨೦೧೫ರ ಯುದ್ಧದಲ್ಲಿ ಬಾಂಬುಗಳು ಬಿದ್ದು ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು.

ಇನ್ನು ಈ ಬದುಕಿನ ಮುಖ್ಯ ಘಟ್ಟಕ್ಕೆ ಬರಬಹುದು. ೧೯೭೪ರ ಫೆಬ್ರವರಿ ೭ರಂದು ಇಟಲಿಯ ಸಾರ್ವಜನಿಕ ದೂರದರ್ಶನ ಸಂಸ್ಥೆ 'ನಗರದ ಆಕಾರ' ಎಂಬ ಹದಿನೈದು ಹದಿನಾರು ನಿಮಿಷಗಳ ಚಿತ್ರವನ್ನು ಪ್ರಸಾರ ಮಾಡಿತು. ನಿರ್ದೇಶಕ ಪಾವೊಲೊ ಬ್ರುನಾತ್ತೊ, ಮಾತನಾಡುವವನು ಪಸೊಲಿನಿ, ಕೇಳುವವನು ನಟ ನಿನೆತ್ತೊ ದವೋಲಿ. ರೋಮ್‌ನ ಉತ್ತರಕ್ಕೆ ಬೆಟ್ಟದ ನೆತ್ತಿಯ ಮೇಲಿರುವ ಓರ್ತೆ ಎಂಬ ಹಳೆಯ ಊರನ್ನು ಪಸೊಲಿನಿ ಕ್ಯಾಮೆರಾದ ಚೌಕಟ್ಟಿನಲ್ಲಿ ಹಿಡಿದು ತೋರಿಸುತ್ತಾನೆ. ಕಂದು ಬಂಡೆ, ಅದರ ಮೇಲೆ ಮನೆಗಳ ಒಂದೇ ಗುಂಪು, ಆಕಾರ ಪರಿಪೂರ್ಣವಾಗಿದೆ. ಅನಂತರ ಚೌಕಟ್ಟನ್ನು ತುಸು ಸರಿಸುತ್ತಾನೆ. ಬದಿಯಲ್ಲಿ ಸರ್ಕಾರಿ ವಸತಿಯ ಹೊಸ ಕಟ್ಟಡಗಳು ಕಾಣುತ್ತವೆ. ಅವು ತಮ್ಮಷ್ಟಕ್ಕೆ ಭೀಕರವೇನಲ್ಲವೆಂದು ಆತ ಒಪ್ಪುತ್ತಾನೆ. ಬೇರೆಲ್ಲೋ ಇದ್ದಿದ್ದರೆ ತಕರಾರಿರಲಿಲ್ಲ. ಅವು ಬೇರೊಂದು ರೂಪಲೋಕಕ್ಕೆ ಸೇರಿದವು ಎಂಬುದೇ ದೋಷ. ವಾದವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮೊದಲೇ ಕ್ಯಾಮೆರಾದ ಒಂದು ಚಲನೆ ಅದನ್ನು ಹೇಳಿ ಮುಗಿಸಿರುತ್ತದೆ.

ಆಮೇಲೆ ಆತ ತೋರಿಸುವುದು ಊರಿಗೆ ಹೋಗುವ ಕಲ್ಲುಹಾಸಿನ ಸಾಧಾರಣ ದಾರಿಯೊಂದನ್ನು. ಹೆಸರುವಾಸಿ ಸ್ಮಾರಕವನ್ನು ಉಳಿಸಲು ಎಲ್ಲರೂ ಮುಂದೆ ಬರುತ್ತಾರೆ; ಈ ದಾರಿಗಾಗ�ಿ ಯಾರೂ ಬರುವುದಿಲ್ಲ. ಇದನ್ನು ಹಾಸಿದವರಿಗೆ ಹೆಸರಿಲ್ಲ. ಮಹಾಕವಿಯ ಕಾವ್ಯವನ್ನು ಎಷ್ಟು ನಿಷ್ಠೆಯಿಂದ ರಕ್ಷಿಸುತ್ತೇವೆಯೋ ಅಷ್ಟೇ ನಿಷ್ಠೆಯಿಂದ ಅನಾಮಿಕರ ಜನಪದ ಕಾವ್ಯವನ್ನೂ ರಕ್ಷಿಸಬೇಕಾದಂತೆ, ಈ ದಾರಿಯನ್ನೂ ರಕ್ಷಿಸಬೇಕು ಎಂಬುದು ಆತನ ವಾದದ ಸಾರ. ಈ ಹೋಲಿಕೆ ಆಕಸ್ಮಿಕವಲ್ಲ. ೧೯೫೫ರ ಜನಪದ ಗೀತೆಗಳ ಸಂಪಾದಕ ಇಲ್ಲಿ ನಗರದ ಬಗ್ಗೆ ಮಾತನಾಡುತ್ತಿದ್ದಾನೆ. ಆತನಿಗೆ ಕಲ್ಲುಹಾಸಿನ ದಾರಿ ಒಂದು ಉಪಭಾಷೆ. ಒಂದೇ ಅಚ್ಚಿನ ಕಟ್ಟಡ ದೂರದರ್ಶನದ ಇಟಾಲಿಯನ್. ಉತ್ತರದ ಕೈಗಾರಿಕಾ ನಗರಗಳಿಂದ ಹೊರಟ ತಾಂತ್ರಿಕ ಇಟಾಲಿಯನ್ ರಾಷ್ಟ್ರಭಾಷೆಯಾಗುತ್ತಿದೆ ಎಂದು ೧೯೬೪ರ ಕೊನೆಯ ಪ್ರಬಂಧವೊಂದರಲ್ಲಿ ವಾದಿಸಿ ಆತ ದೊಡ್ಡ ಚರ್ಚೆಯನ್ನೇ ಎಬ್ಬಿಸಿದ್ದ. ಹತ್ತು ವರ್ಷಗಳ ನಂತರ ಓರ್ತೆಯಲ್ಲಿ ಅದೇ ವಾದವನ್ನು ಕಲ್ಲು ಗಾರೆಗಳಿಗೆ ಅನ್ವಯಿಸಿದ.

ಚಿತ್ರದ ಕೊನೆಯ ಭಾಗ ಸಬೌದಿಯಾ ಪಟ್ಟಣದಲ್ಲಿದೆ. ಜೌಗು ನೆಲವನ್ನು ಒಣಗಿಸಿ ೧೯೩೩-೩೪ರಲ್ಲಿ ವರ್ಷ ತುಂಬುವುದರೊಳಗೆ ಕಟ್ಟಿ ನಿಲ್ಲಿಸಿದ ಫ್ಯಾಸಿಸ್ಟ್ ಪಟ್ಟಣವಿದು. ಲುಯಿಜಿ ಪಿಚ್ಚಿನಾತೊ ಮತ್ತು ಇತರ ಮೂವರು ಇದರ ವಾಸ್ತುಶಿಲ್ಪಿಗಳು. ಒಂದು ಕಾಲಕ್ಕೆ ಬುದ್ಧಿಜೀವಿಗಳು ನಕ್ಕು ತಳ್ಳಿಹಾಕಿದ್ದ ಈ ಊರು ಮನುಷ್ಯನ ಅಳತೆಗೆ ಒಗ್ಗಿದೆಯೆಂದು ಪಸೊಲಿನಿ ಹೇಳುತ್ತಾನೆ. ಆ ಮೆಚ್ಚಿಕೆ ಆಡಳಿತಕ್ಕೆ ಸಲ್ಲುವುದಲ್ಲ. ಫ್ಯಾಸಿಸ್ಟರು ಅಪರಾಧಿಗಳ ಗುಂಪಾಗಿದ್ದರೂ ಹಳೆಯ ಗ್ರಾಮೀಣ ಇಟಲಿಯ ಆಳವನ್ನು ಮುಟ್ಟಲಾಗಲಿಲ್ಲ, ಸಬೌದಿಯಾವನ್ನು ರೂಪಿಸಿದ್ದು ಆ ಇಟಲಿಯೇ. ಪ್ರಜಾಪ್ರಭುತ್ವದ ಕಾಲದ ಕೊಳ್ಳುಬಾಕ ನಾಗರಿಕತೆ ಮಾತ್ರ ಕೆಲವೇ ವರ್ಷಗಳಲ್ಲಿ ಮುಖಗಳನ್ನೂ ನುಡಿಗಳನ್ನೂ ಊರುಗಳನ್ನೂ ಒಂದೇ ಅಚ್ಚಿಗೆ ಇಳಿಸಿತು ಎಂಬುದು ಆತನ ತೀರ್ಮಾನ. ಈ ಮಾತು ಎಷ್ಟು ಅಪಾಯಕಾರಿಯೆಂಬುದು ಹೇಳದೆಯೂ ತಿಳಿಯುತ್ತದೆ. ರೋಮ್‌ನ ನಡುವಿನಿಂದ ಜನರನ್ನು ಕಿತ್ತು ಬೊರ್ಗಾತಾಗಳಿಗೆ ಎಸೆದದ್ದು ಅದೇ ಆಡಳಿತವೆಂಬುದನ್ನು ೧೯೫೮ರ ಲೇಖನಗಳ ಕರ್ತೃ ೧೯೭೪ರಲ್ಲಿ ಬದಿಗಿಟ್ಟಂತೆ ತೋರುತ್ತದೆ. ಅದೇ ವರ್ಷ ಇಟಾಲೊ ಕಾಲ್ವಿನೊ, ಪಸೊಲಿನಿ ಹಂಬಲಿಸುವ ಆ ಹಳೆಯ ಇಟಲಿಗಾಗಿ ತಾನು ಮರುಗಲಾರೆನೆಂಬ ನಿಲುವು ತಳೆದ. ತಾನು ಹಂಬಲಿಸುವುದು ಹಳೆಯ ಸಣ್ಣ ರಾಷ್ಟ್ರಕ್ಕಾಗಿ ಅಲ್ಲ, ರಾಷ್ಟ್ರಕ್ಕಿಂತ ಹಿಂದಿನ ಮಿತಿಯಿಲ್ಲದ ರೈತಲೋಕಕ್ಕಾಗಿ ಎಂದು ಪಸೊಲಿನಿ ಬಹಿರಂಗ ಪತ್ರದಲ್ಲಿ ಉತ್ತರಿಸಿದ.

ಇಬ್ಬರಲ್ಲಿ ಯಾರು ಸರಿ ಎಂಬ ಪ್ರಶ್ನೆಗಿಂತ ಮತೇರಾದ ಗುಹೆಯ ತಾಯಿಯೊಬ್ಬಳ ಪ್ರಶ್ನೆ ದೊಡ್ಡದೆಂದು ನನಗೆ ತೋರುತ್ತದೆ. ಅವಳ ಮಗುವಿಗೆ ಒಣಗಿದ ಗೋಡೆ, ಹರಿಯುವ ನೀರು ಬೇಕಿತ್ತು. ಓರ್ತೆಯ ಸರ್ಕಾರಿ ಕಟ್ಟಡದೊಳಗೂ ಅಂಥವರೇ ಇದ್ದಿರಬೇಕು. ಕ್ಯಾಮೆರಾ ಆ ಕಟ್ಟಡದ ಒಳಗೆ ಹೋಗುವುದಿಲ್ಲ. 'ಮಮ್ಮಾ ರೋಮಾ'ದಲ್ಲಿ ಒಳಗೆ ಹೋಗಿ ಕಿಟಕಿಯಿಂದ ಹೊರಗೆ ನೋಡಿದ್ದ ನಿರ್ದೇಶಕ ಹನ್ನೆರಡು ವರ್ಷಗಳ ನಂತರ ದೂರದಲ್ಲಿ ನಿಂತು ಹೊರಗಿನಿಂದ ನೋಡುತ್ತಿದ್ದಾನೆ. ವಾದ ಬಲವಾದಷ್ಟೂ ಕ್ಯಾಮೆರಾ ದೂರವಾಯಿತು. ಸಂಶೋಧಕರು 'ನಗರದ ಆಕಾರ'ವನ್ನು ಪಸೊಲಿನಿಯ ನಗರಚಿಂತನೆಯ ಶಿಖರವೆಂದು ಕರೆಯುವಾಗ, ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಓರ್ತೆಯಿಂದ ಬಹುದೂರವಲ್ಲದ ಕಿಯಾ ಎಂಬಲ್ಲಿ ಮಧ್ಯಯುಗದ ಗೋಪುರವೊಂದನ್ನು ಪಸೊಲಿನಿ ೧೯೭೦ರಲ್ಲಿ ಕೊಂಡುಕೊಂಡಿದ್ದ. ಕೊನೆಯ ವರ್ಷಗಳ ಬರವಣಿಗೆಯ ಬಹುಭಾಗ ಅಲ್ಲಿ ನಡೆಯಿತು. ಅಪೂರ್ಣವಾಗಿ ಉಳಿದ 'ಪೆತ್ರೋಲಿಯೊ' ಕಾದಂಬರಿಯಲ್ಲದೆ, ಹದಿಹರೆಯದ ಫ್ರಿಯುಲಿಯನ್ ಕವಿತೆಗಳನ್ನೇ ಮರಳಿ ಎತ್ತಿಕೊಂಡು ಕಹಿಯಾಗಿ ತಿರುಗಿ ಬರೆದ 'ಲಾ ನುವೋವಾ ಜೊವೆಂತೂ' (೧೯೭೫) ಆ ಕಾಲದ್ದು. ೧೯೭೫ರ ಅಕ್ಟೋಬರ್ ೨೧ರಂದು ದಕ್ಷಿಣದ ಲೆಚ್ಚೆ ನಗರದಲ್ಲಿ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳೆದುರು ಶಾಲೆ ಹಾಗೂ ಉಪಭಾಷೆಗಳ ಬಗ್ಗೆ ಮಾತನಾಡಿದ. ಆ ಸೀಮೆಯ ಕೆಲವು ಹಳ್ಳಿಗಳಲ್ಲಿ ಇಂದಿಗೂ ಗ್ರೀಕ್ ಮೂಲದ ನುಡಿಯೊಂದು ಉಳಿದಿದೆ. ಉಪಭಾಷೆಯನ್ನು ಶಾಲೆಯಲ್ಲಿ ಒಂದು ವಿಷಯವಾಗಿ ಸೇರಿಸಿದರೆ ಸಾಕೆಂಬ ಸರಳ ಪರಿಹಾರ ಆತನಿಗೆ ಒಪ್ಪಿಗೆಯಾಗಲಿಲ್ಲ. ನುಡಿಯಾಡುವ ಬದುಕೇ ಅಳಿಯುತ್ತಿರುವಾಗ ಪಠ್ಯ ಅದನ್ನು ಹೇಗೆ ಉಳಿಸೀತು ಎಂಬ ಸಂಶಯ ಆತನದು. ಈ ಸಂವಾದ ಆತನ ಮರಣಾನಂತರ ಪುಸ್ತಕವಾಗಿ ಬಂತು.

ಹನ್ನೆರಡು ದಿನಗಳ ನಂತರ, ನವೆಂಬರ್ ೨ರ ಬೆಳಗ್ಗೆ, ರೋಮ್‌ನ ಕಡಲಂಚಿನ ಓಸ್ತಿಯಾದ ಇದ್ರೊಸ್ಕಾಲೊ ಎಂಬಲ್ಲಿ ಆತನ ಶವ ಸಿಕ್ಕಿತು. ಹದಿನೇಳು ವರ್ಷದ ಹುಡುಗನೊಬ್ಬನಿಗೆ ೧೯೭೬ರಲ್ಲಿ ಶಿಕ್ಷೆಯಾಯಿತು. ಕೊಂದವನು ತಾನಲ್ಲವೆಂದು ಆತ ೨೦೦೫ರಲ್ಲಿ ಹೇಳಿಕೆ ಬದಲಿಸಿದ. ಕೊಲೆಯ ಪೂರ್ಣ ಸತ್ಯ ಇನ್ನೂ ಇತ್ಯರ್ಥವಾಗಿಲ್ಲ. ಪಸೊಲಿನಿಯನ್ನು ಮಣ್ಣು ಮಾಡಿದ್ದು ಕಸಾರ್ಸಾದಲ್ಲಿ. ಇದ್ರೊಸ್ಕಾಲೊ ಆಗ ಯಾವ ಯೋಜನೆಯಲ್ಲಿಯೂ ಇಲ್ಲದ, ಬಡವರು ತಾವೇ ಹಾಕಿಕೊಂಡ ಮನೆಗಳ ಜಾಗ. ೨೦೧೦ರಲ್ಲಿ ರೋಮ್ ನಗರಾಡಳಿತ ಅಲ್ಲಿನ ಕೆಲವು ಮನೆಗಳನ್ನು ಕೆಡವಿತು.